ಅಜ್ಜಿಯ 43 ಹಳೇ ಪಾತ್ರೆ, ಒಂದು ಸಣ್ಣ ಮನೆ. ಗುಜರಿ ಅಂಗಡಿ ಥರ ಕಾಣದ ಹಾಗೆ ಜೋಡಿಸುವುದು ಹೇಗೆ?

ಅಟ್ಟದ ಬೆಕ್ಕು
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಅಜ್ಜಿಯ ಮನೆ ಖಾಲಿ ಮಾಡುವಾಗ ಎರಡು ಟ್ರಂಕು ಪಾತ್ರೆ ನನ್ನ ಪಾಲಿಗೆ ಬಂತು. ಎಣಿಸಿದರೆ 43. ತಾಮ್ರದ ತಪ್ಪಲೆಗಳು, ಮುಚ್ಚಳದ ಹಿತ್ತಾಳೆ ಡಬ್ಬಿಗಳು, ಒಂದು ಬೀಡು ಕಬ್ಬಿಣದ ಬಾಣಲೆ, ಅಂಚು ಉದುರಿದ ಎನಾಮಲ್ ತಟ್ಟೆಗಳು, ಮರದ ಸೌಟುಗಳು, ಬಣ್ಣದ ಗಾಜಿನ ಬಟ್ಟಲುಗಳು, ಒಂದು ಪಂಪ್ ಸ್ಟವ್. ಜೊತೆಗೆ ಹಿಡಿ ತಿರುಗಿಸುವ ಒಂದು ಭಾರದ ಯಂತ್ರ. ಅದು ಯಾತಕ್ಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಬಿಸಾಡಲು ಮನಸ್ಸಿಲ್ಲ. ಮನೆ ಅಲಂಕಾರಕ್ಕೆ ಬಳಸೋಣ ಅಂತ ಮೊನ್ನೆ ಭಾನುವಾರ ಎಲ್ಲವನ್ನೂ ಹಾಲ್‌ನ ಶೆಲ್ಫಿನಲ್ಲಿ ಜೋಡಿಸಿದೆ. ನಮ್ಮ ಮನೆಯವರು ಬಂದು ಎರಡು ನಿಮಿಷ ನೋಡಿ, "ತೂಕಕ್ಕೆ ಹಾಕಿಸ್ಕೊಳ್ಳೋಕೆ ಯಾವಾಗ ಬರ್ತಾರೆ?" ಅಂದರು.

ಬೇಜಾರಾಯಿತು, ಆದರೆ ಅವರು ಹೇಳಿದ್ದು ಸುಳ್ಳೇನಲ್ಲ. ನಿಜಕ್ಕೂ ಹಾಗೇ ಕಾಣುತ್ತಿತ್ತು. ಏನು ಮಾಡಲಿ? ಉಜ್ಜಿ ಹೊಳೆಸಬೇಕಾ, ಹಾಗೇ ಬಿಡಬೇಕಾ? ಗೋಡೆಗೆ ನೇತು ಹಾಕಬಹುದಾ?

ಹಿತ್ತಾಳೆ ಕಿವಿ
ಉಜ್ಜಬೇಡಿ!! ದಯವಿಟ್ಟು ಉಜ್ಜಬೇಡಿ. ಆ ಕಂದು ಬಣ್ಣ ಕೂರಲು ಐವತ್ತು ವರ್ಷ ಬೇಕು, ತೆಗೆಯಲು ಐದು ನಿಮಿಷ ಸಾಕು. ಉಜ್ಜಿದ ಪಾತ್ರೆಗೂ ಮೊನ್ನೆ ತಂದ ಪಾತ್ರೆಗೂ ಆಮೇಲೆ ಏನು ವ್ಯತ್ಯಾಸ? ಹಳೇ ವಸ್ತು ಕೂಡಿಡುವವರು ಯಾರೂ ಉಜ್ಜಿದ್ದನ್ನು ಮುಟ್ಟುವುದಿಲ್ಲ.

ಜಿಡ್ಡುಜ್ಜಿ
ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆ ಪಾತ್ರೆಯ ಯಜಮಾನಿ ಬದುಕಿದ್ದಾಗ ಅದು ಕಪ್ಪಗಿತ್ತಾ? ದಿನಾ ಉಜ್ಜಿ ಕನ್ನಡಿ ಥರ ಇಟ್ಟಿರುತ್ತಾರೆ. ಟ್ರಂಕಿನಲ್ಲಿ ಬಿದ್ದು ಕಪ್ಪಾಗಿದ್ದನ್ನು "ಹಳೇ ಕಾಲದ ಕಳೆ" ಅಂತ ನಾವು ಮೆರೆಸುತ್ತೇವೆ. ಅವರು ನೋಡಿದರೆ ಮೊದಲು ನಮಗೇ ಎರಡು ಬಿಗಿಯುತ್ತಾರೆ.

ಹಿತ್ತಾಳೆ ಕಿವಿ
ಅವರು ಉಜ್ಜಿದ್ದು ಅಡುಗೆ ಮಾಡಲು. ಇವರು ಇಡುವುದು ನೋಡಲು. ಎರಡೂ ಒಂದೇನಾ?

ಬರೀ ಓದೋಕೆ ಬಂದೆ
ನಿಮ್ಮ ಹೆಸರಿನವರು ಹೇಳಿದ್ದನ್ನು ನಂಬಬೇಕೋ ಬೇಡವೋ 😄

ಲೋಹಪುರುಷ
ಇಬ್ಬರೂ ಸ್ವಲ್ಪ ನಿಲ್ಲಿ. ಬಣ್ಣ ಎರಡು ಥರ ಇದೆ. ಕಂದು ಅಥವಾ ಕಪ್ಪು ಪದರ, ಕೈಗೆ ಹತ್ತದೆ ಒಂದೇ ಸಮ ಇದ್ದರೆ, ಬಿಡಬಹುದು. ಅದು ಕೆಳಗಿನ ಲೋಹವನ್ನು ಒಂದು ಮಟ್ಟಿಗೆ ಕಾಪಾಡುತ್ತದೆ. ಹಸಿರು ಪುಡಿ ಪುಡಿಯಾಗಿ ಮೂಲೆಗಳಲ್ಲಿ, ಹಿಡಿಯ ಬುಡದಲ್ಲಿ ಕೂತಿದ್ದರೆ ಅದು ಕಿಲುಬು. ಅದು ವಿಷ, ಅಂದಕ್ಕೆ ಅಂತ ಬಿಡುವ ವಸ್ತು ಅಲ್ಲ. ಮೆತ್ತನೆ ಬ್ರಷ್‌ನಿಂದ ತೆಗೆದು, ಸೋಪು ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಬೇಕು. ಒಣಗಿಸುವುದೇ ಮುಖ್ಯ. ತೇವ ಉಳಿದರೆ ಮತ್ತೆ ಬರುತ್ತದೆ.

ಉಜ್ಜುವುದೇ ಆದರೆ ನಿಂಬೆ, ಉಪ್ಪು ಸಾಕು. ಆದರೆ ಹಚ್ಚಿ ಒಂದೆರಡು ನಿಮಿಷದಲ್ಲಿ ತೊಳೆದುಬಿಡಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಸತು ಕರಗಿ, ಬರೀ ತಾಮ್ರ ಮೇಲೆ ಉಳಿದು ಗುಲಾಬಿ ಮಚ್ಚೆ ಬೀಳುತ್ತದೆ. ಸ್ಟೀಲಿನ ತಂತಿ ನಾರು ಮಾತ್ರ ಬೇಡವೇ ಬೇಡ. ಗೀರು ಜೀವನಪೂರ್ತಿ ಇರುತ್ತದೆ.

ಇದಕ್ಕೆಲ್ಲ ಮೊದಲು ಒಂದು ಕೆಲಸ. ಫ್ರಿಜ್ ಮೇಲಿನ ಆಯಸ್ಕಾಂತ ತಂದು ಎಲ್ಲದಕ್ಕೂ ಹಿಡಿದು ನೋಡಿ. ತಾಮ್ರ, ಹಿತ್ತಾಳೆ, ಕಂಚಿಗೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ತೆಳ್ಳನೆ ಲೇಪ. ಅಂಥದ್ದನ್ನು ಜಾಸ್ತಿ ಉಜ್ಜಿದರೆ ಲೇಪವೇ ಹೋಗುತ್ತದೆ.

ಅಟ್ಟದ ಬೆಕ್ಕು
ಈಗಷ್ಟೇ ಹಿಡಿದು ನೋಡಿದೆ. ಒಂಬತ್ತು ಡಬ್ಬಿಯಲ್ಲಿ ನಾಲ್ಕಕ್ಕೆ ಟಪ್ ಅಂತ ಅಂಟಿತು! ಅಜ್ಜಿಗೆ ಯಾರೋ ಮೋಸ ಮಾಡಿದ್ದಾರೆ ಅನಿಸುತ್ತದೆ.

ಲೋಹಪುರುಷ
ಮೋಸ ಅಂತ ಯಾಕೆ ಅಂದುಕೊಳ್ಳುತ್ತೀರಿ. ಲೇಪದ ಪಾತ್ರೆಯನ್ನು ಲೇಪದ ಪಾತ್ರೆ ಅಂತಲೇ ಮಾರುತ್ತಿದ್ದರು. ಬೆಳ್ಳಿಯಲ್ಲೂ ಇದೇ ಕತೆ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್‌ನವರು ವಿದ್ಯುತ್ತಿನಿಂದ ಬೆಳ್ಳಿ ಲೇಪ ಕೊಡುವುದಕ್ಕೆ ಪೇಟೆಂಟ್ ತಗೊಂಡ ಮೇಲೆ ಮನೆ ಮನೆಗೂ "ಬೆಳ್ಳಿ" ಚಮಚ ಬಂತು. ಹಿಂದೆ ಇ.ಪಿ.ಎನ್.ಎಸ್. ಅಂತ ಮುದ್ರೆ ಇದ್ದರೆ ಅದು ನಿಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪ. ಆ ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ.

ಮೊಳೆರಾಯ
ಗೋಡೆಗೆ ಹಾಕುವ ಮಾತು ಬಂದಿದ್ದರಿಂದ ನನ್ನ ಅನುಭವ ಹೇಳುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಹಳೇ ಬೀಡು ಬಾಣಲೆ ಒಂದು ಸಿಕ್ಕಿತ್ತು. 12 ಇಂಚಿನದು, ಮೂರೂವರೆ ಕಿಲೋ ಹತ್ತಿರ. ಗೋಡೆಗೆ ತೂತು ಕೊರೆಯಲು ಸೋಮಾರಿತನ ಮಾಡಿ ಅಂಟಿಸುವ ಕೊಕ್ಕೆ ಹಾಕಿದೆ. ಪ್ಯಾಕೆಟ್ ಮೇಲೆ ಐದು ಕಿಲೋ ತಡೆಯುತ್ತದೆ ಅಂತ ಬರೆದಿತ್ತು. ಹನ್ನೊಂದು ದಿನ ತಡೆಯಿತು. ಹನ್ನೆರಡನೇ ರಾತ್ರಿ ಮೂರು ಗಂಟೆಗೆ ಬಾಂಬ್ ಬಿದ್ದ ಹಾಗೆ ಸದ್ದು. ಎದ್ದು ಹೋಗಿ ನೋಡಿದರೆ ನೆಲದ ಟೈಲ್ಸ್ ಎರಡು ಹೋಳು, ಬಾಣಲೆ ಮೂರು ಹೋಳು. ಕೊಕ್ಕೆ ಮಾತ್ರ ಬಾಣಲೆಯ ಹಿಡಿಯಲ್ಲಿ ಭದ್ರವಾಗಿ ನೇತಾಡುತ್ತಿತ್ತು. ಹಿಂದೆ ಅಂಗೈ ಅಗಲ ಗೋಡೆ ಬಣ್ಣ ಅಂಟಿಸಿಕೊಂಡು.

ಅಂಟು ಸೋತಿರಲಿಲ್ಲ, ಬಣ್ಣ ಸೋತಿತ್ತು. ಆದ್ದರಿಂದ ಭಾರದ್ದು ಏನೇ ಇರಲಿ, ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ. ಟೊಳ್ಳು ಇಟ್ಟಿಗೆ ಅಥವಾ ಜಿಪ್ಸಮ್ ಗೋಡೆ ಆದರೆ ಅದಕ್ಕೇ ಅಂತ ಬೇರೆ ಪ್ಲಗ್ ಬರುತ್ತದೆ. ಮತ್ತೆ, ಮಲಗುವ ಕಡೆ, ಕೂರುವ ಕಡೆ ತಲೆಯ ಮೇಲೆ ಭಾರ ಹಾಕಬೇಡಿ.

ಬರೀ ಓದೋಕೆ ಬಂದೆ
ಕಬ್ಬಿಣದ ಬಾಣಲೆ ಒಡೆಯುತ್ತದಾ?!

ಮೊಳೆರಾಯ
ಬೀಡು ಒಡೆಯುತ್ತದೆ ಗುರೂ. ಅದರಲ್ಲಿ ಇಂಗಾಲ ನೂರಕ್ಕೆ ಎರಡಕ್ಕಿಂತ ಜಾಸ್ತಿ. ಗಟ್ಟಿ, ಆದರೆ ಬಗ್ಗುವ ಗುಣ ಇಲ್ಲ. ಬಡಿದು ಮಾಡಿದ ಕಬ್ಬಿಣ ಬಿದ್ದರೆ ನೆಗ್ಗುತ್ತದೆ, ಬೀಡು ಬಿದ್ದರೆ ಹೋಳಾಗುತ್ತದೆ.

ಕುಟ್ಟಾಣಿ
ಬೆಕ್ಕಿನವರೇ, ನಿಮ್ಮ ಮುಖ್ಯ ಪ್ರಶ್ನೆಗೆ ಯಾರೂ ಇನ್ನೂ ಉತ್ತರ ಹೇಳಿಲ್ಲ. ಗುಜರಿ ಥರ ಯಾಕೆ ಕಂಡಿತು? 43ನ್ನೂ ಒಟ್ಟಿಗೆ ಇಟ್ಟಿದ್ದಕ್ಕೆ. ಅಷ್ಟೇ ಕಾರಣ.

ನಾನು ಮಾಡಿದ್ದು ಹೇಳುತ್ತೇನೆ. ಎಲ್ಲವನ್ನೂ ನೆಲದ ಮೇಲೆ ಹರಡಿದೆ. ವಯಸ್ಸು, ಉಪಯೋಗ ಎಲ್ಲ ಮರೆತು ಬರೀ ಬಣ್ಣದ ಪ್ರಕಾರ ಗುಂಪು ಮಾಡಿದೆ. ತಾಮ್ರದ ಕೆಂಪು ಒಂದು ಕಡೆ, ಹಿತ್ತಾಳೆ ಹಳದಿ ಒಂದು ಕಡೆ, ಕಪ್ಪು ಕಬ್ಬಿಣ, ಬಿಳಿ ಎನಾಮಲ್ ಹೀಗೆ. ಒಂದು ಗೋಡೆಗೆ ಒಂದೇ ಗುಂಪು. ತಾಮ್ರ, ಎನಾಮಲ್, ಗಾಜು ಮೂರನ್ನೂ ಒಂದೇ ಶೆಲ್ಫಿಗೆ ತುರುಕಿದರೆ ಕಣ್ಣು ಎಲ್ಲಿ ನಿಲ್ಲಬೇಕು ಹೇಳಿ?

ಇನ್ನೊಂದು, ಖಾಲಿ ಜಾಗಕ್ಕೆ ಹೆದರಬೇಡಿ. ನನ್ನ ಹಾಲ್‌ನಲ್ಲಿ ಇಡೀ ಗೋಡೆಗೆ ಒಂದೇ ತಾಮ್ರದ ತಪ್ಪಲೆ ಇದೆ. ಅದೂ ತಳ ಮುಂದೆ ಮಾಡಿ ನೇತು ಹಾಕಿದ್ದೇನೆ. ಯಾಕೆ ಅಂದರೆ ತಳದಲ್ಲಿ ಒಂದು ತೇಪೆ ಇದೆ. ಎಲೆಯ ಆಕಾರದ ತಾಮ್ರದ ತುಂಡು, ಸುತ್ತ ಹದಿನಾಲ್ಕು ಪುಟ್ಟ ರಿವೆಟ್. ಹನ್ನೆರಡು ನೇರ ಸಾಲಿನಲ್ಲಿವೆ, ಎರಡು ಮಾತ್ರ ಸೊಟ್ಟ. ಕೊನೆಯಲ್ಲಿ ಹೊಡೆದವು ಅನಿಸುತ್ತದೆ, ಕತ್ತಲಾಗಿತ್ತೋ ಕೈ ಸೋತಿತ್ತೋ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡುತ್ತಾರೆ. ಪಕ್ಕದಿಂದ ಒಂದು ದೀಪ ಬೀಳುವ ಹಾಗೆ ಮಾಡಿದ್ದೇನೆ. ಎದುರಿನಿಂದ ಬೆಳಕು ಬಿದ್ದರೆ ಬರೀ ಹೊಳಪು ಕಾಣುತ್ತದೆ, ಪಕ್ಕದಿಂದ ಬಿದ್ದರೆ ಸುತ್ತಿಗೆ ಏಟು ಒಂದೊಂದೂ ಕಾಣುತ್ತದೆ.

ಅಟ್ಟದ ಬೆಕ್ಕು
ತಳ ಮುಂದೆ ಮಾಡಿ ಹಾಕುವುದು! ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕಾ. ನನ್ನ ತಪ್ಪಲೆಯಲ್ಲೂ ಒಂದು ಬೆಸುಗೆ ಇದೆ. ಅದನ್ನು ಮುಚ್ಚಿಡಲು ಗೋಡೆ ಕಡೆಗೆ ತಿರುಗಿಸಿಟ್ಟಿದ್ದೆ.

ಕುಟ್ಟಾಣಿ
ಅಕ್ಕ ಅಲ್ಲ, ಅಣ್ಣ 😊 ಪರವಾಗಿಲ್ಲ.

ಅಟ್ಟದ ಬೆಕ್ಕು
ಅಯ್ಯೋ ಕ್ಷಮಿಸಿ ಅಣ್ಣಾ!

ಜಿಡ್ಡುಜ್ಜಿ
ಚೆಂದದ ಮಾತೆಲ್ಲ ಆಯಿತಲ್ಲ, ಈಗ ಧೂಳಿನ ಮಾತಾಡೋಣ. ಫೋಟೋದಲ್ಲಿ ತೆರೆದ ಶೆಲ್ಫು, ಅದರ ಮೇಲೆ ಸಾಲಾಗಿ ಪಾತ್ರೆ, ಆಹಾ. ಒಲೆ ಇರುವ ಕೋಣೆಯಲ್ಲಿ ಹಾಗೆ ಮಾಡಿ ಮೂರು ತಿಂಗಳು ಬಿಟ್ಟು ನೋಡಿ. ಎಣ್ಣೆ ಹಬೆ ಮೇಲೆ ಧೂಳು, ಧೂಳಿನ ಮೇಲೆ ಎಣ್ಣೆ ಹಬೆ. ಬೆರಳಿಟ್ಟರೆ ಬೆರಳು ವಾಪಸ್ ಬರುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ನಾರೂ ಅಲ್ಲೇ ಅಂಟುತ್ತದೆ.

ನನ್ನ ನಿಯಮ ಒಂದೇ. ವಾರಕ್ಕೊಮ್ಮೆಯಾದರೂ ಬಳಸುವ ಪಾತ್ರೆ ಮಾತ್ರ ಅಡುಗೆಮನೆಯಲ್ಲಿ ಹೊರಗೆ. ಬಳಸಿದರೆ ತಾನೇ ತೊಳೆಯುತ್ತೇವೆ. ಬರೀ ನೋಡಲು ಇರುವುದು ಹಾಲ್‌ಗೋ ಮೆಟ್ಟಿಲ ಗೋಡೆಗೋ ಹೋಗಲಿ. ಅಂದಹಾಗೆ ಜಿಡ್ಡು ತೆಗೆಯಲು ವಾಷಿಂಗ್ ಸೋಡಾ ಬಿಸಿ ನೀರು ಬಹಳ ಒಳ್ಳೇದು, ಆದರೆ ಅಲ್ಯೂಮಿನಿಯಂಗೆ ಹಾಕಬೇಡಿ. ನಮ್ಮ ಅತ್ತೆಯ ಹಳೇ ಅಲ್ಯೂಮಿನಿಯಂ ಡಬ್ಬಿ ನೆನೆ ಹಾಕಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕಲ್ಲಿದ್ದಲಿನ ಹಾಗೆ ಕಪ್ಪು. ಅತ್ತೆ ಏನೂ ಅನ್ನಲಿಲ್ಲ. ಅದೇ ದೊಡ್ಡ ಶಿಕ್ಷೆ.

ಸೌಟುಪಾಣಿ
ಇಷ್ಟು ಹೊತ್ತಿಗೆ ಒಬ್ಬರಾದರೂ "ಬಳಸಿ" ಅಂತ ಹೇಳಬೇಕಿತ್ತು. ಪಾತ್ರೆ ಅಡುಗೆಗೆ ಹುಟ್ಟಿದ್ದು. ಗೋಡೆಗೆ ಮೊಳೆ ಹೊಡೆದು ನೇತು ಹಾಕುವುದು, ಓಡುವ ಕುದುರೆಯನ್ನು ತಂದು ಷೋಕೇಸಿನಲ್ಲಿ ನಿಲ್ಲಿಸಿದ ಹಾಗೆ. ತಾಮ್ರದ ತಪ್ಪಲೆಗೆ ಕಲಾಯಿ ಹಾಕಿಸಿ, ದಿನಾ ಅಡುಗೆ ಮಾಡಿ. ಅದಕ್ಕಿಂತ ಅಲಂಕಾರ ಬೇಕಾ?

ಲೋಹಪುರುಷ
ಬಳಸಿ, ಆದರೆ ಕಣ್ಣುಮುಚ್ಚಿ ಬಳಸಬೇಡಿ. ತಾಮ್ರ, ಹಿತ್ತಾಳೆಯ ಒಳಗೆ ಕಲಾಯಿ ಇಲ್ಲದಿದ್ದರೆ ಹುಳಿ ಪದಾರ್ಥ ಲೋಹವನ್ನು ಬಿಡಿಸಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು ಬರಬಹುದು. ಕಲಾಯಿ ಅಂದರೆ ತವರ. ಅದು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಪಾತ್ರೆ ಒಲೆ ಮೇಲೆ ಇಟ್ಟು ಫೋನ್‌ನಲ್ಲಿ ಮಾತಿಗೆ ನಿಂತರೆ ಆ ಬಿಸಿ ತಲುಪಲು ಬಹಳ ಹೊತ್ತು ಬೇಡ. ಒಳಗೆ ಹನಿ ಹನಿಯಾಗಿ ಸರಿದ ಗುರುತು ಕಂಡರೆ ಕಲಾಯಿ ಹೋಯಿತು ಅಂತಲೇ ಲೆಕ್ಕ. ಹಳೇ ಬೆಸುಗೆಯಲ್ಲಿ ಸೀಸ ಇರುವುದು ಸಾಮಾನ್ಯ, ಆದ್ದರಿಂದ ಒಳಗಡೆ ಬೆಸುಗೆ ಇರುವ ಪಾತ್ರೆ ನೋಡಲು ಮಾತ್ರ.

ಎನಾಮಲ್ ಕೂಡ ಹಾಗೇ. ಅದು ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜು. ಅಂಚು ಉದುರಿದ ತಟ್ಟೆಯಲ್ಲಿ ಊಟ ಬೇಡ. ಹಳೇ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಕ್ಯಾಡ್ಮಿಯಂ ಬಳಸುತ್ತಿದ್ದರು, ಅದೂ ಗಮನದಲ್ಲಿರಲಿ. ಗೋಡೆ ಮೇಲೆ ಮಾತ್ರ ಬಹಳ ಚೆಂದ ಕಾಣುತ್ತದೆ, ಉದುರಿದ ಕಪ್ಪು ಮಚ್ಚೆ ಸಮೇತ.

ಸೌಟುಪಾಣಿ
ನಾನು ಇಪ್ಪತ್ತು ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲ.

ಲೋಹಪುರುಷ
ಕಲಾಯಿ ಇರುವುದನ್ನೇ ಬಳಸುತ್ತಿದ್ದೀರಿ ಅಲ್ವಾ?

ಸೌಟುಪಾಣಿ
ಹೌದು.

ಲೋಹಪುರುಷ
ಮತ್ತೆ ನಾನು ಹೇಳಿದ್ದೇನು?

ಗಾಜಿನಮನೆ
ಬಣ್ಣದ ಗಾಜಿನ ಬಟ್ಟಲು ಅಂದಿರಲ್ಲ, ಯಾವ ಬಣ್ಣ? ಹಳದಿ ಮಿಶ್ರಿತ ತಿಳಿ ಹಸಿರು ಇದ್ದರೆ ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್ ತಂದು ಕತ್ತಲಲ್ಲಿ ಬಿಡಿ. ಕಣ್ಣು ಕೋರೈಸುವ ಹಾಗೆ ಹಸಿರಾಗಿ ಬೆಳಗಿದರೆ ಅದು ಯುರೇನಿಯಂ ಗಾಜು. ಬಣ್ಣಕ್ಕೆ ಅಂತ ಗಾಜಿನಲ್ಲಿ ಯುರೇನಿಯಂ ಬೆರೆಸುತ್ತಿದ್ದರು, 19ನೇ ಶತಮಾನದಲ್ಲಿ ಅದು ದೊಡ್ಡ ಫ್ಯಾಷನ್. ಗಾಬರಿ ಬೇಡ, ಷೋಕೇಸಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಅದರಲ್ಲಿ ದಿನಾ ತಿನ್ನುವುದು, ಕುಡಿಯುವುದು ಬೇಡ ಅಷ್ಟೇ.

ಗಾಜಿಗೆ ಮಾತ್ರ ಅಲ್ಲ. 1936ರಲ್ಲಿ ಅಮೆರಿಕದಲ್ಲಿ ಫಿಯೆಸ್ಟಾ ಅಂತ ಬಣ್ಣ ಬಣ್ಣದ ಪಿಂಗಾಣಿ ಬಂತು. ಅದರ ಕೆಂಪು ಬಣ್ಣಕ್ಕೂ ಯುರೇನಿಯಂ ಆಕ್ಸೈಡೇ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರಕ್ಕೇ ಯುರೇನಿಯಂ ಬೇಕಾಯಿತು, ಕೆಂಪು ತಟ್ಟೆ ನಿಂತು ಹೋಯಿತು.

ಹಿತ್ತಾಳೆ ಕಿವಿ
ಗಾಜಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಹತ್ತಿರ 1858ರ ಮೇಸನ್ ಜಾಡಿ ಇದೆ, ತಿರುಪು ಮುಚ್ಚಳದ ಗಾಜಿನ ಜಾಡಿ. ಜಾಡಿಯ ಮೇಲೇ ಉಬ್ಬಾಗಿ ತಾರೀಖು ಇದೆ, ನವೆಂಬರ್ 30, 1858. ಇಂಥದ್ದನ್ನು ಉಜ್ಜುತ್ತೀರಾ ಈಗ?

ಗಾಜಿನಮನೆ
ಬೇಜಾರು ಮಾಡಿಕೊಳ್ಳಬೇಡಿ ಸಾರ್. ಅದು ಜಾಡಿ ಮಾಡಿದ ತಾರೀಖು ಅಲ್ಲ, ಜಾನ್ ಮೇಸನ್‌ಗೆ ಪೇಟೆಂಟ್ ಸಿಕ್ಕ ತಾರೀಖು. ಆಮೇಲೆ ಎಷ್ಟೋ ದಶಕ ಅದೇ ತಾರೀಖನ್ನು ಹಾಕುತ್ತಲೇ ಇದ್ದರು. ನಿಮ್ಮದು 1910ರದ್ದೂ ಇರಬಹುದು. ತಳ, ಅಚ್ಚಿನ ಗೆರೆ ನೋಡಿ. ಅಕ್ಕಪಕ್ಕದ ಅಚ್ಚಿನ ಗೆರೆ ಬಾಯಿಯ ಅಂಚಿನವರೆಗೂ ಹತ್ತಿದ್ದರೆ ಯಂತ್ರದಲ್ಲಿ ಊದಿದ್ದು, 20ನೇ ಶತಮಾನದ್ದು. ಬಾಯಿ ಉಜ್ಜಿ ಸಮ ಮಾಡಿ ಒರಟಾಗಿದ್ದರೆ ಅದಕ್ಕಿಂತ ಹಳೇದು.

ಹಿತ್ತಾಳೆ ಕಿವಿ
ಗೆರೆ ಅಂಚಿನವರೆಗೂ ಇದೆ.

ಬರೀ ಓದೋಕೆ ಬಂದೆ
🙏

ಹಿತ್ತಾಳೆ ಕಿವಿ
ಆದರೂ ನೂರು ವರ್ಷ ಆಯಿತಲ್ಲ!

ಗಾಜಿನಮನೆ
ಅದೇನೋ ನಿಜ. ಕಸ್ಟಮ್ಸ್‌ನವರ ಲೆಕ್ಕದಲ್ಲೂ ಆಂಟಿಕ್ ಅನ್ನಲು ನೂರು ವರ್ಷವೇ. ಅದಕ್ಕಿಂತ ಕಡಿಮೆ ವಯಸ್ಸಿನದ್ದು ವಿಂಟೇಜ್. ಈ ವಿಂಟೇಜ್‌ಗೆ ಮಾತ್ರ ಹಿಡಿತವೇ ಇಲ್ಲ, ನನ್ನ ಕಾಲೇಜಿನ ಟಿಫನ್ ಬಾಕ್ಸನ್ನೂ ಮೊನ್ನೆ ಯಾರೋ ವಿಂಟೇಜ್ ಅಂದರು.

ತುಕ್ಕುರಾಯ
ಮರದ ಸೌಟುಗಳ ಬಗ್ಗೆ ಒಂದು ಎಚ್ಚರಿಕೆ. ನಾನು ಏಳು ಹಳೇ ಸೌಟು ಸಾಲಾಗಿ ನೇತು ಹಾಕಿದ್ದೆ. ಕೆಳಗಿನ ಶೆಲ್ಫಿನ ಮೇಲೆ ದಿನಾ ಬೆಳಿಗ್ಗೆ ಚಿಟಿಕೆಯಷ್ಟು ನುಣ್ಣನೆ ಪುಡಿ. ಗೋಡೆಯ ಸುಣ್ಣ ಉದುರುತ್ತಿದೆ ಅಂತ ಒಂದು ತಿಂಗಳು ಒರೆಸಿದೆ. ಆಮೇಲೆ ಒಂದು ದಿನ ಕನ್ನಡಕ ಹಾಕಿಕೊಂಡು ನೋಡಿದರೆ ಪುಡಿ ಬಿಳಿ ಅಲ್ಲ, ತಿಳಿ ಕಂದು. ಮೂರನೇ ಸೌಟಿನ ಹಿಡಿಯಲ್ಲಿ ಗುಂಡುಸೂಜಿ ತಲೆಯಷ್ಟು ನಾಲ್ಕು ತೂತು. ಕೊರೆಹುಳು! ಆ ಹೊತ್ತಿಗೆ ಶೆಲ್ಫಿನ ಹಲಗೆಗೂ ಇಳಿದಿತ್ತು.

ತೂತು ಇದ್ದ ಮಾತ್ರಕ್ಕೆ ಹುಳು ಇದೆ ಅಂತಲ್ಲ, ಹಳೇ ತೂತಿರಬಹುದು. ಕಪ್ಪು ಕಾಗದದ ಮೇಲೆ ಒಂದು ವಾರ ಇಟ್ಟು ನೋಡಿ. ಪುಡಿ ಬಿದ್ದರೆ ಒಳಗೆ ಯಾರೋ ಇದ್ದಾರೆ. ಆಗ ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ. ತೆಗೆದ ಮೇಲೂ ಕವರ್ ಬಿಚ್ಚಬೇಡಿ, ಒಂದು ದಿನ ಹಾಗೇ ಹೊರಗಿರಲಿ. ಇಲ್ಲದಿದ್ದರೆ ಮರ ಬೆವರಿ ಒದ್ದೆಯಾಗುತ್ತದೆ.

ಮರಕ್ಕೆ ಅಡುಗೆ ಎಣ್ಣೆ ಹಚ್ಚಬೇಡಿ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಮಿನರಲ್ ಆಯಿಲ್ ಸಾಕು.

ಅಟ್ಟದ ಬೆಕ್ಕು
ಫ್ರೀಜರ್‌ನಲ್ಲಿ ಸೌಟು ಇಟ್ಟರೆ ನಮ್ಮ ಮನೆಯವರು ನನ್ನನ್ನೇ ಮನೆಯಿಂದ ಹೊರಗೆ ಇಡುತ್ತಾರೆ 😅 ಆದರೂ ಕಪ್ಪು ಕಾಗದ ಹಾಸಿದ್ದೇನೆ.

ಹಾಗೇ ಆ ಯಂತ್ರ ಯಾವುದು ಅಂತ ಹೇಳಿ. ಎರಡೂವರೆ ಕಿಲೋ ಇದೆ. ಕೆಳಗೆ ಮೇಜಿನ ಅಂಚಿಗೆ ಕಚ್ಚಿಸುವ ಚಿಟ್ಟೆ ತಿರುಪು. ಮೇಲೆ ಬಟ್ಟಲಿನ ಥರ ಅಗಲ ಬಾಯಿ. ಒಂದು ಕಡೆ ಮರದ ಹಿಡಿಯ ತಿರುಗಣೆ. ಒಳಗೆ ದಪ್ಪ ಕಬ್ಬಿಣದ ಸುರುಳಿ, ತಿರುಗಿಸಿದರೆ ಮುಂದಕ್ಕೆ ತಳ್ಳುವ ಹಾಗೆ ತಿರುಗುತ್ತದೆ. ಇನ್ನೊಂದು ಕಡೆ ದುಂಡು ಬಾಯಿ ಪೂರ್ತಿ ತೆರೆದಿದೆ.

ಸೌಟುಪಾಣಿ
ರಸ ಹಿಂಡುವುದು.

ಮೊಳೆರಾಯ
ಹಿಟ್ಟು ಬೀಸುವುದು.

ಕುಟ್ಟಾಣಿ
ಎರಡೂ ಅಲ್ಲ. ಮಾಂಸ ಕೊಚ್ಚುವ ಯಂತ್ರ. ಆ ತೆರೆದ ಬಾಯಿಯಲ್ಲಿ ಮೂರು ಸಾಮಾನು ಇರಬೇಕಿತ್ತು. ನಾಲ್ಕು ರೆಕ್ಕೆಯ ಪುಟ್ಟ ಚಾಕು, ಅದರ ಮುಂದೆ ತೂತು ತೂತಿನ ಬಿಲ್ಲೆ, ಎರಡನ್ನೂ ಹಿಡಿದಿಡುವ ತಿರುಪಿನ ಬಳೆ. ಹಳೇ ಯಂತ್ರಗಳಲ್ಲಿ ಬಿಲ್ಲೆ, ಚಾಕು ಕಳೆದುಹೋಗಿರುವುದೇ ಜಾಸ್ತಿ. ತೊಳೆಯಲು ಬಿಚ್ಚುತ್ತಾರೆ, ವಾಪಸ್ ಹಾಕುವುದಿಲ್ಲ.

ಮೈ ಬೂದು ಬೆಳ್ಳಿ ಬಣ್ಣ ಇದ್ದರೆ ಅದು ತವರದ ಲೇಪ. ಒರಟಾಗಿ ಉಜ್ಜಬೇಡಿ, ಲೇಪ ಹೋದ ಕಡೆಯೆಲ್ಲ ತುಕ್ಕು ಹಿಡಿಯುತ್ತದೆ. ಶೆಲ್ಫಿನ ಅಂಚಿಗೇ ಕಚ್ಚಿಸಿ ನಿಲ್ಲಿಸಿ, ಮೊಳೆಯೂ ಬೇಡ.

ಹಿತ್ತಾಳೆ ಕಿವಿ
ಯಂತ್ರದ ಸ್ಕ್ರೂ ತಲೆ ನೋಡಿ ಹೇಳಿ. ಕೂಡು ಗುರುತು ಇದ್ದರೆ 1930ರ ದಶಕಕ್ಕಿಂತ ಹಳೇದಲ್ಲ. ಆ ಫಿಲಿಪ್ಸ್ ಸ್ಕ್ರೂ ಬಂದಿದ್ದೇ ಆಗ. ನನಗೆ ಒಬ್ಬರು "150 ವರ್ಷ ಹಳೇದು" ಅಂತ ಒಂದು ತಕ್ಕಡಿ ಮಾರಲು ಬಂದಿದ್ದರು, ತಳದಲ್ಲಿ ನಾಲ್ಕು ಫಿಲಿಪ್ಸ್ ಸ್ಕ್ರೂ ನಗುತ್ತಿತ್ತು.

ಅಟ್ಟದ ಬೆಕ್ಕು
ಮೂರು ಸ್ಕ್ರೂ ಇದೆ. ಎರಡಕ್ಕೆ ಒಂದೇ ಗೆರೆ, ಒಂದಕ್ಕೆ ಮಾತ್ರ ಕೂಡು ಗುರುತು.

ಕುಟ್ಟಾಣಿ
ಹಾಗಾದರೆ ಒಂದನ್ನು ಯಾರೋ ಬದಲಾಯಿಸಿದ್ದಾರೆ. ಒಂದು ಸ್ಕ್ರೂ ನೋಡಿ ವಯಸ್ಸು ಹೇಳಬಾರದು, ಜಾಡಿ ಮೇಲಿನ ತಾರೀಖಿನ ಹಾಗೇ ಇದೂ 😄

ಹಿತ್ತಾಳೆ ಕಿವಿ
ಬಿಡಲ್ಲ ಅಲ್ವಾ ನೀವು.

ತುಕ್ಕುರಾಯ
ಹೊಸದನ್ನು ಹಳೇದು ಮಾಡುವ ಕೈಚಳಕವೂ ಇದೆ. ಅಮೋನಿಯಾ ಹಬೆ, ಉಪ್ಪು, ವಿನೆಗರ್ ಹಾಕಿದರೆ ಹೊಸ ತಾಮ್ರ ಕೆಲವೇ ದಿನದಲ್ಲಿ ಹಸಿರು. ಕೊಳ್ಳುವವರು ಸವೆತ ನೋಡಬೇಕು. ನಿಜವಾಗಿ ಬಳಸಿದ ಪಾತ್ರೆಯ ಹಿಡಿಯಲ್ಲಿ ಹೆಬ್ಬೆಟ್ಟು ಕೂರುವ ಜಾಗ ನುಣುಪಾಗಿರುತ್ತದೆ, ತಳದಲ್ಲಿ ಒಂದು ಕಡೆ ಜಾಸ್ತಿ ಸವೆದಿರುತ್ತದೆ. ಕೈ ತಾಗದ ಜಾಗದಲ್ಲೂ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ.

ಮೊಳೆರಾಯ
ಪಂಪ್ ಸ್ಟವ್ ಬಗ್ಗೆ ಯಾರೂ ಹೇಳಲಿಲ್ಲ. ಟ್ಯಾಂಕಿನಲ್ಲಿ ಸೀಮೆಎಣ್ಣೆ ಉಳಿದಿದೆಯಾ ಅಂತ ಮೊದಲು ಅಲ್ಲಾಡಿಸಿ ನೋಡಿ. ಖಾಲಿ ಮಾಡಿ, ಮುಚ್ಚಳ ತೆಗೆದು ಬಯಲಿನಲ್ಲಿ ಕೆಲವು ದಿನ ಬಿಡಿ. ಈ ಥರದ ಸ್ಟವ್ 1892ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ್ದು. ಹಿತ್ತಾಳೆ ಟ್ಯಾಂಕು ಉಜ್ಜಿದರೆ ನಿಜಕ್ಕೂ ರಾಜಗಾಂಭೀರ್ಯ. ಹಚ್ಚಿ ನೋಡುವ ಆಸೆ ಬೇಡ, ಒಳಗಿನ ವಾಷರ್ ಒಣಗಿ ಬಿರಿದಿರುತ್ತದೆ.

ಅಟ್ಟದ ಬೆಕ್ಕು
ಮೂರು ವಾರ ಆಯಿತು, ಬಂದು ವರದಿ ಒಪ್ಪಿಸದಿದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

43ರಲ್ಲಿ ಈಗ ಹೊರಗೆ ಇರುವುದು ಕೆಲವು ಮಾತ್ರ. ಹಾಲ್ ಗೋಡೆಗೆ ಮೂರು ತಾಮ್ರದ ತಪ್ಪಲೆ, ತಳ ಮುಂದೆ. ಪ್ಲಗ್ ಹಾಕಿ, ಸ್ಕ್ರೂ ಬಿಗಿದು. ಊಟದ ಮೇಜಿನ ಹಿಂದೆ ಐದು ಎನಾಮಲ್ ತಟ್ಟೆ. ಪಂಪ್ ಸ್ಟವ್ ಕಿಟಕಿ ಕಟ್ಟೆ ಮೇಲೆ, ಇನ್ನೂ ಸ್ವಲ್ಪ ಸೀಮೆಎಣ್ಣೆ ವಾಸನೆ ಇದೆ. ಬಾಣಲೆಯನ್ನು ನಮ್ಮ ಮನೆಯವರೇ ಎತ್ತಿಕೊಂಡು ಹೋಗಿ ಎಣ್ಣೆ ಹಚ್ಚಿ ಪಳಗಿಸಿದರು, ಈಗ ಅದು ದಿನಾ ಒಲೆ ಮೇಲೆ. ತೂಕಕ್ಕೆ ಹಾಕುವ ಮಾತು ಎತ್ತುತ್ತಿಲ್ಲ. ಕಪ್ಪು ಕಾಗದದ ಮೇಲೆ ಪುಡಿ ಬೀಳಲಿಲ್ಲ, ಆದರೂ ಸೌಟುಗಳನ್ನು ಇನ್ನೊಂದು ವಾರ ನೋಡುತ್ತೇನೆ. ಡಬ್ಬಿಗಳಲ್ಲಿ ಅರ್ಧ ಅತ್ತಿಗೆ, ನಾದಿನಿಗೆ ಹೋಯಿತು. ಆಯಸ್ಕಾಂತ ಅಂಟಿದ ನಾಲ್ಕನ್ನೂ ಹೇಳಿಯೇ ಕೊಟ್ಟೆ.

ಒಂದು ಎಡವಟ್ಟು ಆಯಿತು. ಹಿತ್ತಾಳೆ ಡಬ್ಬಿಗೆ ನಿಂಬೆ ಉಪ್ಪು ಹಚ್ಚಿದಾಗ ಬಾಗಿಲ ಬೆಲ್ ಆಯಿತು. ಮಾತಾಡಿ ಬರುವಷ್ಟರಲ್ಲಿ ಒಂದು ಗಂಟೆ. ಲೋಹಪುರುಷ ಸಾರ್ ಹೇಳಿದ ಗುಲಾಬಿ ಮಚ್ಚೆ ಸರಿಯಾಗಿ ಅಂಗೈ ಅಗಲ. ಆ ಕಡೆ ಗೋಡೆಗೆ ತಿರುಗಿಸಿಟ್ಟಿದ್ದೇನೆ.

ಜಿಡ್ಡುಜ್ಜಿ
ಹಿತ್ತಾಳೆ ಪಾಲಿಶ್ ಹಾಕಿ ಮೆತ್ತಗೆ ಉಜ್ಜಿ, ಹೋಗುತ್ತದೆ.

ಹಿತ್ತಾಳೆ ಕಿವಿ
ಉಜ್ಜಬೇಡಿ.

ಕುಟ್ಟಾಣಿ
ಕೊಚ್ಚುವ ಯಂತ್ರ ಏನಾಯಿತು?

ಅಟ್ಟದ ಬೆಕ್ಕು
ಅದನ್ನೇ ಹೇಳಲು ಬಂದೆ ಅಣ್ಣಾ. ಶೆಲ್ಫಿನ ಅಂಚಿಗೆ ಕಚ್ಚಿಸಿ ಅಮ್ಮನಿಗೆ ಫೋಟೋ ಕಳಿಸಿದೆ. "ಮುಂದೆ ತೂತು ತೂತಿನ ಬಿಲ್ಲೆ ಇರಬೇಕಿತ್ತಂತೆ, ಕಳೆದುಹೋಗಿದೆ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಚ್ಚಲುಮನೆಯ ಒಂದು ಫೋಟೋ ಕಳಿಸಿದರು. ಇಪ್ಪತ್ತು ವರ್ಷದಿಂದ ಅದರ ಮೇಲೆ ಸೋಪು ಇಡುತ್ತಿದ್ದಾರೆ. ನೀರು ಚೆನ್ನಾಗಿ ಸೋರಿ ಹೋಗುತ್ತದಂತೆ.

ಕುಟ್ಟಾಣಿ
😂😂 ಚಾಕು, ಬಳೆ?

ಅಟ್ಟದ ಬೆಕ್ಕು
ಅವು ಇನ್ನೂ ಸಿಕ್ಕಿಲ್ಲ. ಬಿಲ್ಲೆಯನ್ನಾದರೂ ಕೊಡಿ ಅಂತ ಕೇಳಿದರೆ, "ಸೋಪು ಎಲ್ಲಿಡ್ಲಿ, ಮೊದ್ಲು ಅದು ಹೇಳು" ಅಂದರು.